ನ್ಯಾಯಕ್ಕೆ ಕೂತವರು

"ಮಂಡಿ ನೋವು," ಎಂದ ಪುಟ್ಟಮಾದಪ್ಪ, ಗೋಡೆ ನೋಡಿಕೊಂಡು.

ಪಕ್ಕದಲ್ಲಿದ್ದ ಹೆಂಡತಿ ಸುವರ್ಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ರಾತ್ರಿಯಿಂದ ಈ ಮನುಷ್ಯನಿಗೆ ಒಂದು ಹನಿ ಮೂತ್ರ ಇಳಿದಿಲ್ಲ, ಹೊಟ್ಟೆ ಉಬ್ಬಿ ಕಲ್ಲಾಗಿದೆ. ಹೊನ್ನೂರಿಂದ ಕೊಳ್ಳೇಗಾಲದವರೆಗೂ ಆಟೋದಲ್ಲಿ ಹಲ್ಲು ಕಚ್ಚಿಕೊಂಡು ಬಂದದ್ದಾಯಿತು. ಕುರ್ಚಿಯಲ್ಲಿ ಹೆಣ್ಣು ಡಾಕ್ಟರು ಕಂಡದ್ದೇ ತಡ, ಮಂಡಿ ನೋವಂತೆ ಮಂಡಿ ನೋವು!

"ಮಂಡಿಗೆ ಬೇರೆ ಡಾಕ್ಟ್ರಿದ್ದಾರೆ ಯಜಮಾನ್ರೇ," ಎಂದರು ಡಾಕ್ಟರ್ ಶ್ವೇತಾ. ಅವರಿಗೂ ಸಾಕಾಗಿತ್ತು. "ಎಂಬಿಬಿಎಸ್ ಮುಗಿಸಿ, ಆಪರೇಷನ್ ಮಾಡೋದು ಕಲ್ತು, ಆಮೇಲೆ ಮೂತ್ರದ ಕಾಯಿಲೆನೇ ಓದ್ಕೊಂಡು ಬಂದು ಕೂತಿದ್ದೀನಿ. ಬರೋ ಗಂಡಸ್ರಿಗೆಲ್ಲ ಮಂಡಿ ನೋವು, ತಲೆ ನೋವು!"

"ಸುಳ್ಳು ಕಣವ್ವ! ರಾತ್ರಿಯಿಂದ ಒಂದಕ್ಕೆ ಓಗಿಲ್ಲ ಇವ್ರು. ನೀರೇ ಕುಡಿಯಾಕಿಲ್ಲ. ಊರ ಯಜಮಾನ್ರಲ್ವಾ, ನ್ಯಾಯಕ್ಕೆ ಕೂತೋರು ಅರ್ದಕ್ಕೇ ಎದ್ದೋದ್ರೆ ಮರ್ವಾದೆ ಓಯ್ತದಂತೆ. ಅದ್ಕೇ ನೀರು ಬುಟ್ಟವ್ರೆ, ಪುಣ್ಯಾತ್ಮ."

"ಸುಮ್ನಿರಮ್ಮಿ."

"ಯಾಕ್ ಸುಮ್ನಿರ್ಲಿ? ಊರೋರ ಒಲದ ಬದು, ಅಣ್ತಮ್ಮಂದಿರ ಪಾಲು ಎಲ್ಲಾ ತೀರ್ಮಾನ ಮಾಡ್ತೀರಿ. ನಿಮ್ ಒಟ್ಟೆ ನ್ಯಾಯ ಯಾರ್ ಮಾಡೋರು?"

ಡಾಕ್ಟರು ಅಂಗಿಯ ಮೇಲಿಂದಲೇ ಹೊಟ್ಟೆ ಮುಟ್ಟಿ ನೋಡಿದರು. ಅವರ ಮುಖ ಗಂಭೀರವಾಯಿತು. "ನೀರು ಬಿಟ್ರೆ ಇದು ವಾಸಿಯಾಗಲ್ಲ. ಒಳಗೆ ಗ್ರಂಥಿ ಊದಿ ದಾರಿ ಕಟ್ಟಿದೆ. ಹೀಗೇ ಬಿಟ್ರೆ ಕಿಡ್ನಿ ಹೋಗುತ್ತೆ. ಈಗ್ಲೇ ಮೂತ್ರದ ದಾರೀಲಿ ಟ್ಯೂಬ್ ಹಾಕ್ಬೇಕು."

"ಗಂಡು ಡಾಕ್ಟ್ರು ಯಾರೂ ಇಲ್ವಾ?"

"ಮೈಸೂರಲ್ಲಿದ್ದಾರೆ. ನೀವು ಅಲ್ಲಿಗೆ ಹೋಗೋತನಕ ಕಿಡ್ನಿ ಕಾಯ್ಬೇಕಲ್ಲ?"

ಪುಟ್ಟಮಾದಪ್ಪ ಎದ್ದೇಬಿಟ್ಟ. ಸುವರ್ಣಮ್ಮನ ಸಿಟ್ಟೆಲ್ಲ ಇಳಿದು ಭಯವಾಯಿತು. ಈ ಹಟಮಾರಿ ನಾಚಿಕೊಂಡೇ ಸಾಯುತ್ತಾನೆ, ಅಷ್ಟೇ.

ಡಾಕ್ಟರು ಸ್ಟೂಲು ಎಳೆದುಕೊಂಡು ಹತ್ತಿರ ಬಂದು ಕೂತರು. ದನಿ ತಗ್ಗಿಸಿ ಕೇಳಿದರು: "ಯಜಮಾನ್ರೇ, ನ್ಯಾಯಕ್ಕೆ ಹೆಂಗಸ್ರೂ ಬರ್ತಾರಲ್ವಾ? ಗಂಡ ಹೆಂಡ್ತಿ ಒಳಗಿನ ಮಾತೂ ಹೇಳ್ಕೋತಾರೆ. ಅದನ್ನ ಊರೆಲ್ಲ ಹೇಳ್ಕೊಂಡು ಬರ್ತೀರಾ?"

"ಎಲ್ಲಾರ ಉಂಟಾ!" ಅವನಿಗೆ ಸಿಟ್ಟೇ ಬಂತು. "ಅಲ್ಲಿ ಕೇಳಿದ್ದು ಅಲ್ಲಿಗೇ ಮುಗೀತು. ಎಂಡ್ತಿಗೂ ಯೋಳಾಕಿಲ್ಲ ನಾನು."

"ಇಲ್ಲೂ ಅಷ್ಟೇ."

ಅವನು ಮೊದಲ ಸಲ ಡಾಕ್ಟರ ಮುಖ ನೋಡಿದ. ಹೆಗಲ ಮೇಲಿನ ಟವಲ್ಲು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಪರದೆಯ ಹಿಂದಿನ ಮಂಚಕ್ಕೆ ಹೋದ.

ಮಧ್ಯಾಹ್ನ ಊರಿಗೆ ಹೊರಟ ಆಟೋ ಯಳಂದೂರು ದಾಟಿತು. ಟ್ಯೂಬು ಇನ್ನೂ ಕೆಲವು ದಿನ ಇರಬೇಕಂತೆ. ಮೂತ್ರದ ಚೀಲ ಕಾಲ ಬಳಿ ತೂಗುತ್ತಿತ್ತು, ಮೇಲೆ ಅದೇ ಟವಲ್ಲು.

"ಅಮ್ಮಿ, ನೀರೈತಾ?"

ಸುವರ್ಣಮ್ಮನ ಬಾಯಿಗೆ ಬೈಗುಳ ಬಂದಿತ್ತು. ಅದನ್ನು ನುಂಗಿಕೊಂಡಳು. ಬಾಟಲಿ ಕೊಟ್ಟಳು. ಅವನು ಗಟಗಟನೆ ಕುಡಿದ, ಮೀಸೆ ಒರೆಸಿಕೊಂಡು ಉಳಿದದ್ದನ್ನೂ ಕುಡಿದ. ಟವಲ್ಲು ಜಾರಿತ್ತು. ಆಕೆ ರಸ್ತೆಯ ಕಡೆ ನೋಡುತ್ತಲೇ ಕೈ ಚಾಚಿ ಅದನ್ನು ಸರಿಯಾಗಿ ಹೊದಿಸಿದಳು.