ಅಂಟುವಾಳದ ಆರು ವಾರ

ಎಂಟನೆಯ ಹಗ್ಗವನ್ನೂ ಎಳೆದು ಟೈಲ್ಸನ್ನು ಹುಲ್ಲಿನ ಮೇಲಿಟ್ಟ ಕುಮುದಾಳ ಕೈ ಹಾಗೇ ನಿಂತುಬಿಟ್ಟಿತು. ಎಂಟೂ ಫಳಫಳ ಹೊಳೆಯುತ್ತಿದ್ದವು. ಆರು ವಾರ ಕೊಳದಲ್ಲಿ ಮುಳುಗಿದ್ದ ಬಚ್ಚಲಮನೆಯ ಬಿಳಿ ಟೈಲ್ಸಿನ ಮೇಲೆ ಹೆಸರಿಗೂ ಪಾಚಿ ಇರಲಿಲ್ಲ.

ಹಸಿರು ದಾರ ಕಟ್ಟಿದ್ದ ನಾಲ್ಕು ಮಾತ್ರ ಹೀಗಿದ್ದರೆ ಅವಳು ಕುಣಿದಾಡುತ್ತಿದ್ದಳು. ಪಾಚಿ ತಡೆಯುತ್ತದೆಯೇ ನೋಡಲು ಅವಕ್ಕೆ ಅಂಟುವಾಳದ ರಸ ಬೆರೆಸಿದ ಬಣ್ಣ ಬಳಿದಿದ್ದಳು. ಆದರೆ ಕೆಂಪು ದಾರದ ನಾಲ್ಕಕ್ಕೆ ಹಚ್ಚಿದ್ದು ಬರೀ ಬಣ್ಣ. ಮೂರನೆಯ ವಾರ ಎತ್ತಿ ಫೋಟೋ ತೆಗೆದಾಗಲೇ ಅವುಗಳ ಮೇಲೆ ಲೋಳೆ ಕಟ್ಟತೊಡಗಿತ್ತು.

"ಅಂಕಲ್, ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಡಾಕ್ಟರ್ ಸೂರ್ಯನಾರಾಯಣ ಸ್ವೆಟರಿನ ತೋಳೊಳಗೆ ಕೈ ತೂರಿಸಿಕೊಂಡು ಮನೆಯ ಕಡೆ ನೋಡಿದರು. ಕರೆನ್ ಬಡಾವಣೆಯ ಈ ತೋಟವೂ ಕೊಳವೂ ಅವರದೇ. ನೀರೆತ್ತುವ ಪಂಪಿನ ಜಾಲರಿಗೆ ತಿಂಗಳಿಗೊಮ್ಮೆ ಪಾಚಿ ಕಟ್ಟಿ ಬೇಸತ್ತು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕುಮುದಾಳಿಗೆ ಜಾಗ ಕೊಟ್ಟಿದ್ದರು.

"ವತ್ಸಲಾ!"

ಡಾಕ್ಟರ ಕೂಗಿಗೆ ಹೆಂಡತಿ ವತ್ಸಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನಾನೇ ಕಣೇ ತೊಳೆದಿದ್ದು. ನಾಡಿದ್ದು ವರಮಹಾಲಕ್ಷ್ಮಿ. ಮನೆಯೆಲ್ಲ ತೊಳೆದಾಯ್ತು, ನಿನ್ನ ಸಾಮಾನು ಮಾತ್ರ ಗಲೀಜಾಗಿರೋದಾ ಅಂತ ನೆನ್ನೆ ಉಜ್ಜಿ ಮತ್ತೆ ನೀರಿಗೆ ಬಿಟ್ಟೆ."

"ಯಾವುದ್ರಲ್ಲಿ ಉಜ್ಜಿದ್ರಿ ಆಂಟಿ?"

"ಇನ್ಯಾವುದ್ರಲ್ಲಿ? ಅಂಟುವಾಳದ ಪುಡೀಲಿ."

ಮೈಸೂರಿಗೆ ಹೋದಾಗಲೆಲ್ಲ ಅವರು ಈ ಪರದೇಶಕ್ಕೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುತ್ತಿದ್ದ ಪುಡಿ. ಇವರ ಮನೆಯ ಹಿತ್ತಾಳೆ ದೀಪಗಳು ಬೆಳಗುವುದನ್ನು ನೋಡಿಯೇ ಕುಮುದಾಳಿಗೆ ಈ ಪ್ರಯೋಗ ಹೊಳೆದದ್ದು. ಈಗ ಕೆಂಪು ದಾರದವಕ್ಕೂ ಅಂಟುವಾಳ ಸೋಕಿತ್ತು; ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ.

"ಶುಕ್ರವಾರ ರಿಸಲ್ಟ್ ಕಳಿಸ್ಬೇಕಿತ್ತು" ಎಂದಳು. ಕಳಿಸಿದ್ದರೆ ನೈವಾಶಾ ಸರೋವರದ ದಂಡೆಯ ಹೂತೋಟಗಳ ಪಂಪುಗಳಲ್ಲಿ ದೊಡ್ಡ ಪ್ರಯೋಗಕ್ಕೆ ಅನುದಾನ ಸಿಗುವುದಿತ್ತು.

ವತ್ಸಲಾರ ಮುಖ ಸಣ್ಣದಾಯಿತು. "ಪೋಲೆ ಸಾನಾ, ತಪ್ಪಾಯ್ತು ಕಣೇ. ಯಾರಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಪಾಚಿ ಬೆಳೆಸ್ತಿದೀವಿ, ತೊಳೀಬೇಡ ಅಂತ ನಿಂಗೆ ಹೇಳೋ ಧೈರ್ಯ ಯಾರಿಗಿದೆ?" ಎಂದು ಡಾಕ್ಟರು ಕುಮುದಾಳ ಕಡೆ ಬಾಗಿದರು. "ನೋಡಮ್ಮ, ಮೂರನೇ ವಾರದ ಫೋಟೋ ಇದೆಯಲ್ಲ. ಪಾಚಿ ಎಷ್ಟಿತ್ತೋ ಎರಡರಿಂದ ಗುಣಿಸಿ ಬರೆದುಬಿಡು. ಆರನೇ ವಾರ ಆಯ್ತು. ನಾನೇ ಸಾಕ್ಷಿ ಹಾಕ್ತೀನಿ. ಯಾರು ಬಂದು ನೋಡ್ತಾರೆ?"

ಯಾರೂ ಬಂದು ನೋಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವಳು ಕೆಂಪು ದಾರದ ಟೈಲ್ಸೊಂದನ್ನು ತಿರುಗಿಸಿ ನೋಡಿದಳು.

"ಆಂಟಿ, ಎಲ್ಲಾದನ್ನೂ ಒಂದೇ ಸಮ ಉಜ್ಜಬೇಕಾಯ್ತಾ?"

"ಎಲ್ಲಿ ಒಂದೇ ಸಮ! ಆ ಹಸಿರು ದಾರದ್ದು ಬೆರಳಾಡ್ಸಿದ್ರೆ ಜಾರ್ಕೊಂಡು ಹೋಯ್ತು. ಕೆಂಪಿನವು ಮಹಾ ಮೊಂಡು. ನನ್ನ ಉಗುರು ನೋಡು." ಬೆರಳು ಚಾಚಿದರು. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಗೆರೆ ಉಳಿದಿತ್ತು.

ಕುಮುದಾ ಆ ಕೈಯನ್ನು ಬಹಳ ಹೊತ್ತು ಹಿಡಿದು ನೋಡಿದಳು. ಅವಳ ಕೋಷ್ಟಕದಲ್ಲಿ ವತ್ಸಲಾರ ಉಗುರಿಗೆ ಜಾಗವಿರಲಿಲ್ಲ. ಆದರೂ ಒಳಗಿನಿಂದ ನಗು ಉಕ್ಕಿತು. ಕಾರಿನ ಬಳಿಗೆ ಹೋಗಿ, ಮೊದಲೇ ಬಣ್ಣ ಬಳಿದು ಹೆಚ್ಚಿಗೆ ಇಟ್ಟುಕೊಂಡಿದ್ದ ಎಂಟು ಟೈಲ್ಸಿನ ಡಬ್ಬ ತಂದಳು.

"ಹಾಗಾದ್ರೆ ನೈವಾಶಾ?" ಎಂದರು ಡಾಕ್ಟರು.

"ಮುಂದಿನ ವರ್ಷ ಅಂಕಲ್. ಆ ತುದಿ ಹಿಡ್ಕೊಳ್ಳಿ."

ಇಬ್ಬರೂ ದಾರ ಕಟ್ಟುತ್ತ ಕುಳಿತರು. ಆಗಸ್ಟಿನ ಮೋಡ ಸ್ವಲ್ಪ ಸರಿದು ನೀರಿನ ಮೇಲೆ ಬಿಸಿಲು ಬಿತ್ತು. ಒಳಗೆ ಹೋಗಿದ್ದ ವತ್ಸಲಾ ಹಿತ್ತಾಳೆ ಬಟ್ಟಲು ಹಿಡಿದು ಬೀಸುನಡಿಗೆಯಲ್ಲಿ ಬಂದರು.

"ತಡಿ ತಡಿ, ಹೊಸದು ನೀರಿಗಿಳೀತಿದೆ. ಒಂದೊಂದಕ್ಕೂ ಒಂದು ಬೊಟ್ಟು ಅರಿಶಿನ ಇಡ್ತೀನಿ."

ಕುಮುದಾ ಎಂಟು ಟೈಲ್ಸನ್ನೂ ಎದೆಗವಚಿಕೊಂಡಳು.

"ಬೇಡ."