ಮೂರು ಮೂಟೆ ಸಕ್ಕರೆಯ ಹರಕೆ

ಮೂರು ಮೂಟೆ ಸಕ್ಕರೆಗೆ ಬಿದ್ದದ್ದು ಮೂರು ಸಾವಿರದ ಇನ್ನೂರ ಇಪ್ಪತ್ತೈದು ರೂಪಾಯಿ. ಇಪ್ಪತ್ತೈದು ಕಿಲೋದ ಮೂಟೆ, ನವಿ ಮುಂಬಯಿಯ ವಾಶಿ ಮಾರ್ಕೆಟ್ಟಿನ ಸಗಟು ದರ, ಕಿಲೋಗೆ ನಲವತ್ತಮೂರು. ಟೆಂಪೋ ಬಾಡಿಗೆ ಬೇರೆ ಕೊಡಬೇಕಾಗಲಿಲ್ಲ, ಮನೆಯವರ ಹೋಟೆಲಿನ ಅಕ್ಕಿ ಉದ್ದಿನ ಜತೆಯಲ್ಲೇ ಬಂತು. ಅದೇ ವಾರ ಥಾಣೆಯ ನೌಪಾಡಾದ ಮಕ್ಕಳ ಡಾಕ್ಟರಿಗೆ ಸಾವಿರದ ಇನ್ನೂರು, ರಕ್ತಪರೀಕ್ಷೆಗೆ ಸಾವಿರದ ಎಂಟುನೂರು, ಹೊಟ್ಟೆಯ ಸೋನೋಗ್ರಫಿಗೆ ಸಾವಿರದ ನಾನೂರು. ಮೊದಲನೆಯ ಖರ್ಚನ್ನು ಪ್ರೇಮನಾಥ ಪುಣ್ಯ ಎಂದ. ಎರಡನೆಯದನ್ನು ಶೋಕಿ ಎಂದ. ಎರಡೂ ಅವನ ಒಬ್ಬಳೇ ಮಗಳಿಗಾಗಿ ಮಾಡಿದ್ದು.

ಮಗಳು ಅಶ್ಮಿತಾಗೆ ಹನ್ನೊಂದು ವರ್ಷ, ತೂಕ ಎಪ್ಪತ್ತೊಂದು ಕಿಲೋ. ಡಾಕ್ಟರ್ ಹೇಳಿದ್ದು ನಾಲ್ಕೇ ಮಾತು. ಮೂರು ತಿಂಗಳ ಸರಾಸರಿ ಸಕ್ಕರೆ ಆರು ಪಾಯಿಂಟ್ ಎರಡು, ಆರೂವರೆ ಮುಟ್ಟಿದರೆ ಅದು ಡಯಾಬಿಟೀಸ್. ಲಿವರಿನಲ್ಲಿ ಕೊಬ್ಬು ಕೂತಿದೆ. ಕುತ್ತಿಗೆಯ ಹಿಂದಿನ ಕಪ್ಪು ಕೊಳೆಯಲ್ಲ, ಮೈ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ಈಗ ಹಿಡಿದರೆ ಹಿಡಿಯಬಹುದು.

ಆ ಕಪ್ಪನ್ನು ಪ್ರೇಮನಾಥನ ತಾಯಿ ಮೋಹಿನಿ ಎರಡು ವರ್ಷದಿಂದ ಪ್ರತಿ ಭಾನುವಾರ ಕಡಲೆಹಿಟ್ಟು ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ಚರ್ಮ ಸುಲಿದು ಹುಡುಗಿ ಅತ್ತರೂ ಕಪ್ಪು ಹೋಗಿರಲಿಲ್ಲ.

“ಮಕ್ಕಳಿಗೆ ಎಂತ ಸಕ್ಕರೆ ಕಾಯಿಲೆ ಮಾರಾಯ್ತಿ?” ರಿಪೋರ್ಟನ್ನು ಕೈಯಲ್ಲೂ ಮುಟ್ಟದೆ ಮೋಹಿನಿ ಸೊಸೆಗೆ ಹೇಳಿದರು. “ನನಗೆ ಬಂದದ್ದು ಐವತ್ತೆರಡಕ್ಕೆ. ಇವಳಿಗೆ ದವಡೆ ಹಲ್ಲು ಪೂರ್ತಿ ಬಂದಿಲ್ಲ.”

“ಮನೆಯಲ್ಲಿ ಯಾರಿಗಾದರೂ ಇದ್ದರೆ ಮಕ್ಕಳಿಗೆ ಬೇಗ ಬರ್ತದೆ ಅಂತ ಡಾಕ್ಟರ್ ಹೇಳಿದ್ದು ಮಾಮಿ,” ಎಂದಳು ಹರಿಣಾಕ್ಷಿ.

“ಹಾಗಾದರೆ ನನ್ನ ತಪ್ಪು. ಅದನ್ನೂ ಆ ಕಾಗದದಲ್ಲಿ ಬರೆಸಿಕೊಂಡು ಬಾ.”

ಮೋಹಿನಿಯನ್ನು ಕೆಟ್ಟವರು ಎನ್ನುವಂತಿಲ್ಲ. ಅಶ್ಮಿತಾ ಏಳನೆಯ ತಿಂಗಳಿಗೇ ಹುಟ್ಟಿದ ಮಗು, ಒಂದು ಕಿಲೋ ನಾನೂರು ಗ್ರಾಂ. ಕಲ್ಯಾಣದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಾರು ದಿನ ಇತ್ತು. ಅಷ್ಟೂ ದಿನ ಹೊರಗಿನ ಬೆಂಚಿನಲ್ಲಿ ಕೂತದ್ದು ಇದೇ ಮೋಹಿನಿ. ಮಗು ಉಳಿದು ಹನ್ನೊಂದು ತುಂಬಿದರೆ ಡೊಂಬಿವಲಿಯಲ್ಲಿ ತಮ್ಮ ಊರ ಕಡೆಯವರು ಸೇರಿ ಕಟ್ಟಿಸಿದ ದೇವಿಯ ಗುಡಿಯಲ್ಲಿ ಸಕ್ಕರೆಯಿಂದ ತುಲಾಭಾರ ಮಾಡಿಸುತ್ತೇನೆ ಎಂದು ಅಲ್ಲೇ ಹರಕೆ ಹೊತ್ತರು. ಮಗು ಉಳಿಯಿತು. ಆಮೇಲೆ ಅದರ ಮೈಗೆ ಬಂದ ಒಂದೊಂದು ಮಡಿಕೆಯೂ ದೇವಿ ಕೊಟ್ಟ ಉತ್ತರದಂತೆ ಅವರಿಗೆ ಕಂಡಿತು. ಹಾಗೆ ಕಾಣುವ ಅಜ್ಜಿಯಂದಿರು ನಮ್ಮಲ್ಲಿ ಕಡಿಮೆಯಿಲ್ಲ.

ಹರಿಣಾಕ್ಷಿ ಐರೋಲಿಯ ಒಂದು ಕಂಪೆನಿಯಲ್ಲಿ ಸಂಬಳದ ಲೆಕ್ಕ ಬರೆಯುವವಳು. ಬೆಳಿಗ್ಗೆ ಏಳೂಕಾಲರ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಹೋದರೆ ಮರಳುವುದು ಸಂಜೆ ಏಳಕ್ಕೆ. ಆದರೂ ಮನೆಯ ಅಡುಗೆಯನ್ನು ಅವಳು ತನ್ನ ಕೈಗೆ ತೆಗೆದುಕೊಂಡಳು. ಶಾಲೆಯ ಡಬ್ಬಿಗೆ ಚಪಾತಿ, ಪಲ್ಯ, ಮೊಟ್ಟೆ. ಬಿಸ್ಕೆಟ್ಟಿನ ಡಬ್ಬಗಳು ಹೋದವು, ಫ್ರಿಜ್ಜಿನಿಂದ ಬಣ್ಣದ ನೀರಿನ ಬಾಟಲಿಗಳು ಹೋದವು. ಭಾನುವಾರ ತಾಯಿ ಮಗಳು ನಡೆಯಲು ಹೊರಟರೆ ಪ್ರೇಮನಾಥ ಕಿಟಕಿಯಿಂದ, “ಕಾಶಿಗಾ?” ಎಂದು ಕೇಳಿ ನಗುತ್ತಿದ್ದ.

ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಆರು ಪಾಯಿಂಟ್ ಏಳು. ತೂಕ ಎಪ್ಪತ್ತಮೂರು. ಡಾಕ್ಟರ್ ಮಾತ್ರೆ ಬರೆದು, ತಲೆಯೆತ್ತದೆ, “ಮನೆಯಲ್ಲಿ ಯಾರು ಊಟ ಹಾಕುವುದು?” ಎಂದು ಹಿಂದಿಯಲ್ಲಿ ಕೇಳಿದರು. ಹರಿಣಾಕ್ಷಿಗೆ ಮುಖಕ್ಕೆ ಹೊಡೆದಂತಾಯಿತು. ಹಾಕುವವಳು ಅವಳೇ.

ಎರಡು ದಿನ ಬಿಟ್ಟು ಅವಳು ಅರ್ಧ ರಜೆ ಹಾಕಿ, ಹೇಳದೆ ಕೇಳದೆ ನಾಲ್ಕು ಗಂಟೆಗೆ ಡೊಂಬಿವಲಿ ಪೂರ್ವದಲ್ಲಿದ್ದ ಗಂಡನ ಹೋಟೆಲಿಗೆ ಬಂದಳು. ಶಾಲೆ ಬಿಟ್ಟ ಮೇಲೆ ಅಶ್ಮಿತಾ ಅಲ್ಲೇ ಇರುವುದು ರೂಢಿ. ಮಧ್ಯಾಹ್ನ ಗಲ್ಲಾದಲ್ಲಿ ಕೂತು ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವುದು ಮೋಹಿನಿ. ಅವರ ಪಕ್ಕದ ಸ್ಟೂಲಿನಲ್ಲಿ ಹುಡುಗಿ ಕೂತಿದ್ದಳು. ಮುಂದೆ ಎರಡು ಬನ್ಸ್, ತುಪ್ಪ ತೇಲುವ ಶಿರಾ, ದೊಡ್ಡ ಲೋಟದಲ್ಲಿ ಬಾದಾಮಿ ಹಾಲು. ತಾಯಿಯನ್ನು ಕಂಡದ್ದೇ ಅವಳು ಬಾಯಲ್ಲಿದ್ದುದನ್ನು ನುಂಗಲಾರದೆ, ಉಗುಳಲಾರದೆ ಎದ್ದು ನಿಂತಳು.

“ದಿನಾ ಇದೇ?”

“ಮೈನೇ ಮಾಂಗಾ ನಹೀ, ಮಮ್ಮಿ. ಅಜ್ಜಿ ದೇತೀ ಹೈ,” ಎಂದಳು ಹುಡುಗಿ. ತಾನು ಕೇಳಿದ್ದಲ್ಲ, ಅಜ್ಜಿ ಕೊಟ್ಟದ್ದು.

“ನಾನೇ ಕೊಟ್ಟದ್ದು. ನನ್ನ ಗಂಡ ಕಟ್ಟಿದ ಹೋಟೆಲು, ನನ್ನ ಮೊಮ್ಮಗಳು. ನಿನ್ನ ಪರ್ಮಿಶನ್ ಬೇಕಿತ್ತಾ?” ಎಂದರು ಮೋಹಿನಿ, ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತಲೇ.

“ಮಾಮಿ, ಅವಳಿಗೆ ಡಯಾಬಿಟೀಸ್ ಆಗಿದೆ. ಆಗ್ತದೆ ಅಂತ ಅಲ್ಲ. ಆಗಿದೆ.”

“ನವರಾತ್ರಿ ಮುಗಿಯಲಿ. ಆಮೇಲೆ ನೀನು ಅವಳಿಗೆ ಹುಲ್ಲು ಬೇಕಾದರೂ ತಿನ್ನಿಸು.”

“ನವರಾತ್ರಿಗೂ ಇದಕ್ಕೂ ಎಂತ ಸಂಬಂಧ?”

ಮೋಹಿನಿ ಗಲ್ಲಾದ ಖಾನೆಯನ್ನು ದಡಾರನೆ ಮುಚ್ಚಿದರು. ಸಂಗತಿ ಆಗ ಹೊರಬಿತ್ತು. ನವರಾತ್ರಿಯ ಐದನೆಯ ದಿನ, ಲಲಿತಾ ಪಂಚಮಿಗೆ, ತುಲಾಭಾರ ಗೊತ್ತುಮಾಡಿದ್ದಾಗಿದೆ. ಹೋಟೆಲಿನವರು ಸಾಮಾನು ತರಿಸುವುದು ಮೂಟೆ ಲೆಕ್ಕದಲ್ಲಿ. ಎಪ್ಪತ್ತೊಂದು ಕಿಲೋ ಸಕ್ಕರೆಯನ್ನು ಯಾರೂ ಚಿಲ್ಲರೆಯಾಗಿ ತೂಗಿಸಿ ತರುವುದಿಲ್ಲ. ಮೂರು ಮೂಟೆ ಬಂದಿತ್ತು, ಅಂದರೆ ಎಪ್ಪತ್ತೈದು ಕಿಲೋ. ಅದಕ್ಕೆ ಕುಂಕುಮ ಹಚ್ಚಿ, ದೇವಿಯ ಹೆಸರು ಹೇಳಿ, ಅಟ್ಟದ ಮೇಲೆ ಬೇರೆ ಇಟ್ಟಾಗಿತ್ತು. ದೇವಿಯ ಹೆಸರಿನಲ್ಲಿ ತಂದ ಮೂಟೆಯನ್ನು ಕೊಯ್ದು ಉಳಿದದ್ದನ್ನು ಹೋಟೆಲಿನ ಚಹಕ್ಕೆ ಹಾಕಿದರೆ ಮನೆಗೆ ಋಣ ಸುತ್ತಿಕೊಳ್ಳುತ್ತದೆ ಎಂಬುದು ಮೋಹಿನಿಯ ಖಂಡಿತ ನಂಬಿಕೆ. ಮೂಟೆ ಕೊಯ್ಯುವಂತಿಲ್ಲ. ಹಾಗಾದರೆ ಹುಡುಗಿ ಎಪ್ಪತ್ತೈದು ಆಗಬೇಕು. ಇನ್ನು ಎರಡೇ ಕಿಲೋ ಬಾಕಿ.

ಹರಿಣಾಕ್ಷಿ ಮಗಳ ಮುಂದಿನ ತಟ್ಟೆಯನ್ನು ಆಚೆ ಸರಿಸಿದಳು. ಆಮೇಲೆ ಬಂದ ಮಾತು ಒಳ್ಳೆಯದಿರಲಿಲ್ಲ.

“ನಿಮ್ಮ ಎಡಗಾಲು ನೋಡಿಕೊಳ್ಳಿ ಮಾಮಿ. ಎರಡು ಬೆರಳು ಎಲ್ಲಿ ಹೋಯಿತು? ಇವಳದ್ದೂ ಹೋಗಬೇಕಾ?”

ಮೋಹಿನಿಯ ಆ ಬೆರಳುಗಳನ್ನು ಸಕ್ಕರೆ ಕಾಯಿಲೆಯಿಂದಾಗಿ ಮೂರು ವರ್ಷದ ಹಿಂದೆ ತೆಗೆದಿದ್ದರು. ತುಂಬಿದ ಹೋಟೆಲಿನಲ್ಲಿ, ಮೊಮ್ಮಗಳ ಎದುರಿಗೆ, ಅದನ್ನು ಎತ್ತಿ ಆಡಿದವರು ಈವರೆಗೆ ಯಾರೂ ಇರಲಿಲ್ಲ. ಅವರು ಸೀರೆಯ ಅಂಚು ಎಳೆದು ಪಾದ ಮುಚ್ಚಿಕೊಂಡರು.

“ಪ್ರೇಮಾ!” ಎಂದು ಒಳಗೆ ಕೂಗಿದರು. “ಬಾ ಇಲ್ಲಿ. ನಿನ್ನ ಹೆಂಡತಿ ನನ್ನ ಕಾಲು ಎಣಿಸಲು ಬಂದಿದ್ದಾಳೆ.”

ಪ್ರೇಮನಾಥ ಭಟ್ಟಿಯ ಬಳಿಯಿಂದ ಬೆವರೊರೆಸುತ್ತ ಬಂದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ತಿರುಗಿ ನೋಡುತ್ತಿದ್ದ ಗಿರಾಕಿಗಳನ್ನು ನೋಡಿದ. “ಹರಿಣಿ, ಒಂದು ತಿಂಗಳು ಅಡ್ಜಸ್ಟ್ ಮಾಡು. ಎರಡು ಕಿಲೋದಿಂದ ಯಾರೂ ಸಾಯುವುದಿಲ್ಲ,” ಎಂದ.

“ಸಾಯುವುದಿಲ್ಲ. ಅಜ್ಜಿಯ ಹಾಗೆ ಇರ್ತಾಳೆ,” ಎಂದು ಅವಳು ಮಗಳ ಬ್ಯಾಗನ್ನು ಹೆಗಲಿಗೇರಿಸಿದಳು.

ಜಗಳದ ಬಿಸಿಯಲ್ಲಿ ಅವಳು ತವರಿಗೆ ಓಡಲಿಲ್ಲ. ಮೊದಲು ಗುಡಿಗೆ ಹೋದಳು. ಅರ್ಚಕ ಯಜ್ಞೇಶ್ವರ ಭಟ್ಟರು ಹೂ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಹರಕೆ ಹೇಳಿಕೊಂಡದ್ದು ಮಗುವಿನ ತೂಕಕ್ಕೆ. ಮೂಟೆಯ ತೂಕಕ್ಕಲ್ಲ,” ಎಂದರು. “ಆ ದಿನ ಎಷ್ಟಿದ್ದಾಳೋ ಅಷ್ಟು. ಉಳಿದರೆ ಗುಡಿಯ ಪಾಯಸಕ್ಕಾಯಿತು. ಋಣ ಎಲ್ಲಿಂದ ಬಂತು?”

“ಇದನ್ನು ಮಾಮಿಗೆ ನೀವೇ ಹೇಳ್ತೀರಾ?”

“ಹೇಳಬಹುದು. ಕೇಳಬೇಕಲ್ಲ? ಹೋದ ವರ್ಷ ಇನ್ನೊಬ್ಬರ ಮೊಮ್ಮಗನಿಗೆ ಎರಡೂವರೆ ಮೂಟೆ ಆಗಿತ್ತು. ಮೋಹಿನಿಯಕ್ಕ ಆವತ್ತು ಮೊದಲ ಸಾಲಿನಲ್ಲಿ ಕೂತಿದ್ದರು. ಅವರಿಗೀಗ ಮೂರೂ ಪೂರ್ತಿ ತೂಗಬೇಕು.”

ಭಟ್ಟರು ಹೇಳಿದರು, ಮೋಹಿನಿ ಕೇಳಲಿಲ್ಲ. ಸೊಸೆ ಭಟ್ಟರಿಗೂ ಮದ್ದು ಹಾಕಿದ್ದಾಳೆ ಎಂದರು.

ಆ ವಾರವೇ ಹರಿಣಾಕ್ಷಿ ರೈಲು ಹಳಿಯ ಆಚೆ, ಡೊಂಬಿವಲಿ ಪಶ್ಚಿಮದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಕೆಳಗಿನ ಮನೆಯಲ್ಲಿ ವಿಜಯಪುರದ ಕಡೆಯ ಸಾಬವ್ವ ಎಂಬಾಕೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನೋಡಿಕೊಳ್ಳಲು ಒಪ್ಪಿದಳು.

“ನಾ ಏನ್ ಡಾಕ್ಟರ್ ಅಲ್ರೀ,” ಎಂದಳು ಸಾಬವ್ವ. “ಆದ್ರ ನನ್ನ ಮನ್ಯಾಗ ಸುಮ್ನ ಕುಂತು ತಿನ್ನೋ ಪದ್ಧತಿ ಇಲ್ಲ. ತಾನೂ ನಾಕು ರೊಟ್ಟಿ ಬಡೀಲಿ, ಎರಡು ತಿನ್ನಲಿ. ಏನವ್ವ, ಆಗತೈತೇನು?”

“ಮುಝೇ ನಹೀ ಆತಾ,” ಎಂದಳು ಅಶ್ಮಿತಾ ಮೂತಿ ಉಬ್ಬಿಸಿ.

“ನನಗೂ ಬರ್ತಿದ್ದಿಲ್ಲ. ನಮ್ಮವ್ವ ಬಡದ್ಲು, ಆಮ್ಯಾಲ ನಾ ರೊಟ್ಟಿ ಬಡದೆ.”

ಅದು ಸುಖದ ತಿಂಗಳಾಗಿರಲಿಲ್ಲ. ಮೊದಲ ವಾರ ಹುಡುಗಿ ತಾಯಿಯ ಮುಖ ನೋಡಲಿಲ್ಲ. “ಐ ಹೇಟ್ ಯೂ” ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು. ಮಾತ್ರೆ ನುಂಗಿದರೆ ವಾಂತಿ ಬಂದಂತಾಗುತ್ತಿತ್ತು. ದಿನಕ್ಕೆ ಎರಡು ಸಲ ರೈಲ್ವೆ ಸೇತುವೆ ಹತ್ತಿ ಇಳಿದು ಶಾಲೆಗೆ ಹೋಗಬೇಕು. ಮೊದಮೊದಲು ನಾಲ್ಕು ಕಡೆ ನಿಂತು ಏದುಸಿರು ಬಿಡುತ್ತಿದ್ದಳು, ಹಿಂದಿನಿಂದ ಬಂದವರು, “ಅಗ ಚಲ್ ನಾ ಮೋಟೀ,” ನಡಿಯೇ ದಡೂತಿ, ಎಂದು ತಳ್ಳಿ ಹೋಗುತ್ತಿದ್ದರು. ಮೂರನೆಯ ವಾರ ಅವಳು ಒಂದೇ ಕಡೆ ನಿಂತಳು. ಅವತ್ತು ಸಾಬವ್ವನ ಮನೆಯಲ್ಲಿ ಜೋಳದ ಚೀಲ ತೂಗುವ ಹಳೆಯ ಮುಳ್ಳಿನ ತೂಕದ ಯಂತ್ರದ ಮೇಲೆ ತಾನೇ ಹೋಗಿ ನಿಂತು, ನೋಡಿ, ಯಾರಿಗೂ ಏನೂ ಹೇಳದೆ ಇಳಿದಳು. ಮಾರನೆಯ ದಿನ ಮತ್ತೆ ನಿಂತಳು.

ಈ ನಡುವೆ ಪ್ರೇಮನಾಥನಿಂದ ಫೋನ್ ಬರುತ್ತಿದ್ದುದು ಒಂದೇ ಪ್ರಶ್ನೆಗೆ. “ಪಂಚಮಿಗೆ ಕರಕೊಂಡು ಬರ್ತೀಯಾ ಇಲ್ಲವಾ? ಅಮ್ಮ ಇನ್ನೂರು ಜನಕ್ಕೆ ಹೇಳಿದ್ದಾರೆ.”

“ಬರ್ತೇನೆ. ಹರಕೆಗೆ ನಾನು ಅಡ್ಡ ಇಲ್ಲ. ಎಷ್ಟಿದ್ದಾಳೋ ಅಷ್ಟು ತೂಗಲಿ.”

ಪಂಚಮಿಯ ದಿನ ಗುಡಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕುಂಕುಮ ಹಚ್ಚಿದ ಮೂರು ಮೂಟೆ. ಹಸಿರು ಲಂಗದಲ್ಲಿ ಅಶ್ಮಿತಾ ಇನ್ನೊಂದು ತಟ್ಟೆಯಲ್ಲಿ ಕೂತಳು. ಹತ್ತಾರು ಮೊಬೈಲುಗಳು ಮೇಲೆದ್ದವು. ಭಟ್ಟರು ತಟ್ಟೆಗೆ ಕೊಟ್ಟಿದ್ದ ಆಸರೆ ತೆಗೆದರು.

ಸಕ್ಕರೆಯ ತಟ್ಟೆ ನೆಲಕ್ಕೆ ತಾಗಿತು. ಹುಡುಗಿ ಮೇಲೆ ಹೋದಳು.

ಹಿಂದಿನಿಂದ ಯಾರೋ, “ಮೋಹಿನಿಯಕ್ಕ, ಸೊಸೆ ಊಟ ಹಾಕುವುದಿಲ್ಲವಾ?” ಎಂದರು. ನಗು ಎದ್ದಿತು. ಮೋಹಿನಿ ನಗಲಿಲ್ಲ. ತಟ್ಟನೆ ಹಣ್ಣುಕಾಯಿಯ ಬುಟ್ಟಿಯನ್ನು ಎಳೆದು ನಾಲ್ಕು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು ಮೊಮ್ಮಗಳ ಮಡಿಲಿಗೆ ಹಾಕಿದರು. ತಟ್ಟೆ ಸ್ವಲ್ಪ ಇಳಿಯಿತು. ಇನ್ನೂ ಎರಡು ಕಾಯಿಗೆ ಕೈ ಹಾಕಿದರು.

“ಅಮ್ಮಾ, ಜನ ನೋಡ್ತಿದ್ದಾರೆ,” ಎಂದ ಪ್ರೇಮನಾಥ.

“ನೋಡಲಿ. ನನ್ನ ಮಗು ಎಪ್ಪತ್ತೈದೇ ಇದ್ದದ್ದು. ಇವಳು ಕರಗಿಸಿದ್ದಾಳೆ. ಕಲ್ಯಾಣದಲ್ಲಿ ಇಪ್ಪತ್ತಾರು ದಿನ ನಾನು ಕೂತದ್ದು, ಇವಳಲ್ಲ!”

“ನಾನು ಮಲಗಿದ್ದೆ ಮಾಮಿ, ಹೊಟ್ಟೆ ಕೊಯ್ದಿತ್ತು,” ಎಂದಳು ಹರಿಣಾಕ್ಷಿ. ಹೇಳಿದ್ದು ಮೆಲ್ಲಗೆ. ಆದರೆ ಸಭಾಂಗಣಕ್ಕೆಲ್ಲ ಕೇಳಿತು.

ಅಶ್ಮಿತಾ ಮಡಿಲಿನಿಂದ ಒಂದೊಂದೇ ಕಾಯಿ ತೆಗೆದು ಕೆಳಗೆ ಇಟ್ಟಳು. ಬಾಳೆಹಣ್ಣನ್ನೂ ಇಟ್ಟಳು.

“ಅಜ್ಜಿ, ಮೈ ಉನಹತ್ತರ್ ಹೂಂ,” ಎಂದಳು. ಹಿಂದಿಯ ಆ ಎಣಿಕೆ ಅಜ್ಜಿಗೆ ಅರ್ಥವಾಗಲಿಕ್ಕಿಲ್ಲ ಎಂದು ತೋರಿ ಮತ್ತೆ ಕನ್ನಡದಲ್ಲಿ, “ಅರವತ್ತೊಂಬತ್ತು. ನಾನು ಮಾಡಿದ್ದು. ಜಾಸ್ತಿ ಹಾಕಬೇಡಿ,” ಎಂದಳು.

ಭಟ್ಟರು ಯಾರ ಮುಖವನ್ನೂ ನೋಡದೆ, “ಮೂಟೆ ಕೊಯ್ಯಿರಿ,” ಎಂದರು. ಮೂರನೆಯ ಮೂಟೆಯನ್ನು ಕೊಯ್ದು ಪಾತ್ರೆಯಲ್ಲಿ ಮೊಗೆದು ತೆಗೆದರು. ಆರು ಕಿಲೋ ತೆಗೆದ ಮೇಲೆ ತಟ್ಟೆಗಳು ಸಮ ನಿಂತವು. ಗಂಟೆ ಹೊಡೆದರು. ಮಂಗಳಾರತಿಗೆ ಕೈಯೊಡ್ಡಲು ಮೋಹಿನಿ ಅಲ್ಲಿರಲಿಲ್ಲ. ಎಡಗಾಲು ಎಳೆಯುತ್ತ ಹೊರಗೆ ಹೋಗಿ ರಿಕ್ಷಾ ಹತ್ತಿದ್ದರು.

ಡಿಸೆಂಬರಿನ ಪರೀಕ್ಷೆಯಲ್ಲಿ ಅಶ್ಮಿತಾಳ ಸಕ್ಕರೆ ಆರು ಪಾಯಿಂಟ್ ಒಂದಕ್ಕೆ ಇಳಿದಿತ್ತು, ತೂಕ ಅರವತ್ತಾರಕ್ಕೆ. ಕುತ್ತಿಗೆಯ ಕಪ್ಪು ತೆಳುವಾಗಿದೆ, ಪೂರ್ತಿ ಹೋಗಿಲ್ಲ. ಎರಡು ಹೊತ್ತಿನ ಮಾತ್ರೆ ಒಂದು ಹೊತ್ತಿಗೆ ಬಂದಿದೆ. ಕಾಯಿಲೆ ವಾಸಿಯಾಯಿತು ಎಂದು ಡಾಕ್ಟರ್ ಹೇಳಿಲ್ಲ, ಹಿಡಿತಕ್ಕೆ ಬಂತು ಎಂದಿದ್ದಾರೆ. ಪ್ರೇಮನಾಥ ಭಾನುವಾರ ಮಾತ್ರ ಹಳಿ ದಾಟಿ ಬರುತ್ತಾನೆ, ಬರುವಾಗ ತಿಂಡಿ ತರುವುದಿಲ್ಲ. ಮೋಹಿನಿ ಸೊಸೆಯೊಂದಿಗೂ ಮಾತಾಡುವುದಿಲ್ಲ, ಮೊಮ್ಮಗಳೊಂದಿಗೂ ಮಾತಾಡುವುದಿಲ್ಲ. ಹುಡುಗಿ ಎರಡು ಸಲ ಹೋಟೆಲಿಗೆ ಹೋಗಿ ಗಲ್ಲಾದ ಎದುರು ನಿಂತು ಬಂದಳು. ಅಜ್ಜಿ ದುಡ್ಡು ಎಣಿಸುತ್ತಲೇ ಇದ್ದರು. ಮಗುವಿನ ಆರೋಗ್ಯ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅವಳಿಗೆ ಇದ್ದ ಒಬ್ಬರೇ ಅಜ್ಜಿ ದೂರವಾದರು.