ಸೀತನಿಗೆ ಹೋದ ತೆನಿ

ಕಸ್ತೂರಿಯ ಗೈಡ್ ಗುರುಪಾದಯ್ಯ ಸರ್ ವಿಜಯಪುರದಿಂದ ಘೋಣಸಗಿಯ ಹೊಲಕ್ಕ ಬರೋದಂದ್ರ ಸಣ್ಣ ಮಾತೇನ್ರಿ? ಅಕೀ ಪಿಎಚ್‌ಡಿ ಉಳಿಯೋದು ಬಿಡೋದು ಅವತ್ತ ತೀರ್ಮಾನ ಆಗೂದಿತ್ತು. ಜೋಳದ ತೆನಿಯೊಳಗ ಎಲ್ಲಾ ಹೂವೂ ಕಾಳು ಕಟ್ಟಂಗಿಲ್ಲ. ಬಾಜೂದ ಹೂವಿಗೆ ‘ನೀ ಸುಮ್ನಿರು’ ಅಂತ ಗಿಡದೊಳಗಿಂದನ ಒಂದು ಸಂದೇಶ ಹೋಗತೈತಿ. ಆ ಸಂದೇಶದ ಜೀನ್ ಕೆಟ್ಟು, ಹೂವೆಲ್ಲಾ ಕಾಳು ಕಟ್ಟೋ ಗಿಡ ಕಸ್ತೂರಿಗೆ ಸಿಕ್ಕಿತ್ತು. ಕಾಲೇಜಿನ ಪ್ಲಾಟಿನ್ಯಾಗ ಗುಬ್ಬಿ ಏನೂ ಉಳಿಸಿರಲಿಲ್ಲ. ಇದ್ದಬಿದ್ದ ಬೀಜ ಎಲ್ಲಾ ತಮ್ಮ ಹೊಲದಾಗ ಬಿತ್ತಿ, ಬಂದ ತೆನಿಗಳಿಗೆ ಕೆಂಪು ಚಿಂದಿ ಕಟ್ಟಿದ್ಲು.

“ಅವಕ್ಕ ಯಾಕ ಬೇ ಚಿಂದಿ?” ಅಂತ ಅವ್ವ ಮುದುಕವ್ವ ಕೇಳಿದ್ಲು.

“ನಿನಗ ತಿಳಿಯಂಗಿಲ್ಲ ಬಿಡ ಯವ್ವಾ. ಚೊಲೋ ತೆನಿ ಅದಾವ, ಸರ್ ಬರತಾರ, ಅಷ್ಟ.”

ಏನ್ ಸೊಕ್ಕು ನೋಡ್ರಿ! ಎರಡು ಮಾತು ಬಿಡಿಸಿ ಹೇಳಿದ್ರ ಬಾಯಿ ಸವೀತಿತ್ತೇನು?

ಜೋಳ ಹಾಲುಗಾಳಿದ್ದಾಗ ಹೊಲಕ್ಕ ಬಂದವರನ್ನ ಸೀತನಿ ತಿನ್ನಸದ ಕಳಸೂದುಂಟ? ಮುದುಕವ್ವ ಮುಂಜಾನೆನ ಸಗಣಿ ಕುಳ್ಳು ಹೊತ್ತಿಸಿದ್ಲು. ಸರ್ ಬಂದಕೂಡಲೇ ಕಂಬಳಿ ಹಾಸಿ ಕೂಡಿಸಿ, ಎಳೀ ತೆನಿ ಸುಟ್ಟು ತಿಕ್ಕಿದ ಬಿಸಿ ಕಾಳು, ಬೆಲ್ಲ, ಖಾರದ ಶೇಂಗಾ ಹಿಂಡಿ ಮುಂದಿಟ್ಲು.

“ಭಾಳ ಸವಿ ಅದಾವು,” ಅಂತ ಸರ್ ಮತ್ತೊಂದು ಹಿಡಿ ಬಾಯಿಗೆ ಹಾಕೊಂಡ್ರು. ಕಸ್ತೂರಿನೂ ಖುಷಿಲೆ ಮುಕ್ಕಿದ್ಲು. ಆಮ್ಯಾಲ ತನ್ನ ಗಿಡ ತೋರಸಾಕ ಕರಕೊಂಡು ಹೋಗಿ ನೋಡ್ತಾಳ, ಬರೀ ದಂಟು! ಚಿಂದಿ ನೆಲದಾಗ ಬಿದ್ದಿದ್ವು.

“ಯವ್ವಾ! ಇವನ್ನ ಯಾರ್ ಕೊಯ್ದಿದ್ದು?”

“ನಾನ... ಸಾಹೇಬ್ರಿಗಂತ ಚೊಲೋವ ನೋಡಿ ಕೊಯ್ದೆ.”

“ಬುದ್ಧಿ ಐತೇನ್ ಬೇ ನಿನಗ?” ಅಂತ ಕಸ್ತೂರಿ ಚೀರಿದ್ಲು. ಅವ್ವ ಬೂದಿಗೈ ಸೆರಗಿಗೆ ಒರಸಕೋಂತ ನಿಂತ್ಲು.

ಸರ್ ಮುಖ ಬಿಗೀತು. “ಕಸ್ತೂರಿ, ಇವರಿಗೆ ಮೊದಲ ಹೇಳಿರಲಿಲ್ಲೇನು?”

“ಹೇಳಿದ್ದೆ ಸರ್. ನೂರು ಸಲ ಹೇಳಿದ್ದೆ.”

ಸುಳ್ಳು ಜಾರಿಬಿಡ್ತು. ಮುದುಕವ್ವ ಮಗಳ ಮುಖ ನೋಡಿದ್ಲು, ಆಮ್ಯಾಲ ಸರ್ ಕಡೆ ತಿರಗಿದ್ಲು.

“ಹೌದ್ರೀ ಸಾಹೇಬ್ರ, ಪಾಪ, ಹೇಳ್ಯಾಳ್ರಿ. ವಯಸ್ಸಾತ್ ನೋಡ್ರಿ, ನಾನ ಮರತೆ. ಅಕೀದು ಏನೂ ತಪ್ಪಿಲ್ಲ. ಅಕೀನ್ ಸಾಲಿ ಬಿಡಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ.”

ನಾಚಿಕೆಗೆ ಕಸ್ತೂರಿಯ ಮೈ ಹಿಡಿಯಷ್ಟಾತು. ಒಂದ ಮಾತು, ‘ನಾ ಹೇಳಿರಲಿಲ್ಲ ಸರ್’ ಅಂದ್ರ ಮುಗೀತಿತ್ತು. ಆ ಹಾಳ ನಾಲಿಗಿ ಹೊರಳಲಿಲ್ಲ.

ಸರ್ ಉಸುರು ಬಿಟ್ಟು, “ಇರಲಿ ಬಿಡವ್ವಾ,” ಅಂತ ಮುದುಕವ್ವನ್ನ ಕ್ಷಮಿಸಿಬಿಟ್ರು.